ಕಲ್ಲಿನ ಕಿರಣ, ಕಲ್ಲಿನ ಧೂಳು, ಕಲ್ಲಿನ ನೀರು

(ನಮ್ಮ ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸ)

 

ಚೀಟಿ ಹಿಡಿದು ಸರದಿಗಾಗಿ ಕಾಯುತ್ತಿರುವ ಈ ಅರ್ಧ ಗಂಟೆಯಲ್ಲಿ ತಮ್ಮೊಡನೆ ಒಂದು ವಿಷಯ ಮಾತನಾಡುತ್ತೇನೆ. ಭೂಮಿಯೊಳಗಿನ ಕಲ್ಲಿನಿಂದ, ಗಣಿಗಾರಿಕೆಯಿಂದ ನಮ್ಮ ಆರೋಗ್ಯಕ್ಕೆ ಏನು ತೊಂದರೆ ಬರುತ್ತದೆ, ಅದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದೇ ಈ ದಿನದ ವಿಷಯ. ಇದನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಎಕ್ಸ್‌ರೇ ಬೇಡ ಎಂದ ಅಣ್ಣ

ಕೆಲವು ತಿಂಗಳ ಹಿಂದೆ ಒಬ್ಬ ಅಣ್ಣ ಇಲ್ಲಿಗೆ ಬಂದಿದ್ದರು. ಅವರ ಹೆಸರು, ಊರು ಬೇಡ. ಅವರ ಕಥೆಯನ್ನು ಹೇಳಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ವಯಸ್ಸು ನಲವತ್ತೈದರ ಆಸುಪಾಸು. ಮೊದಲು ಕಲ್ಲು ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು, ನಂತರ ಗ್ರಾನೈಟ್ ಕತ್ತರಿಸುವ ಕೆಲಸಕ್ಕೆ ಸೇರಿದರು. ಒಟ್ಟು ಹದಿನೆಂಟು ವರ್ಷ ಕಲ್ಲಿನ ಕೆಲಸ. ಎರಡು ವರ್ಷದಿಂದ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಬೇರೆ ಕಡೆ ದಮ್ಮು ಎಂದು ಹೇಳಿ ಔಷಧ ಕೊಟ್ಟಿದ್ದರು. ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಇಲ್ಲಿ ಡಾಕ್ಟರು ಎದೆಯ ಎಕ್ಸ್‌ರೇ ಬರೆದುಕೊಟ್ಟರು. ಅವರು ಆ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದು, "ಬೇಡ ಸಿಸ್ಟರ್, ಆ ಮೆಷಿನ್ನಿಂದ ರೇಡಿಯೇಷನ್ ಬರುತ್ತಂತೆ, ಅದರಿಂದ ಕ್ಯಾನ್ಸರ್ ಆಗುತ್ತಂತೆ. ಮಾತ್ರೆ ಕೊಡಿ ಸಾಕು" ಎಂದರು. ಅವರ ಹೆಂಡತಿ ಪಕ್ಕದಲ್ಲಿ ಅಳುತ್ತಾ ನಿಂತಿದ್ದರು. ನಾನು ಆ ಅಣ್ಣನ ಅಂಗಿಯನ್ನು ನೋಡಿದೆ. ಕೆಲಸದಿಂದ ನೇರವಾಗಿ ಬಂದಿದ್ದರು. ಕಾಲರ್ ಮಡಿಕೆಯಲ್ಲಿ, ಹುಬ್ಬಿನ ಮೇಲೆ, ಕಿವಿಯ ಹಿಂದೆ ಬಿಳಿ ಧೂಳು ಕುಳಿತಿತ್ತು. ಒಂದು ಕ್ಷಣದಲ್ಲಿ ಮುಗಿಯುವ ಎಕ್ಸ್‌ರೇಗೆ ಅವರು ಹೆದರಿದ್ದರು. ಹದಿನೆಂಟು ವರ್ಷ ಉಸಿರಿನ ಜೊತೆ ಒಳಗೆ ಹೋದ ಆ ಬಿಳಿ ಧೂಳಿಗೆ ಅವರು ಒಂದು ದಿನವೂ ಹೆದರಿರಲಿಲ್ಲ.

ಇದು ಅವರೊಬ್ಬರ ತಪ್ಪಲ್ಲ, ನಮ್ಮಲ್ಲಿ ಬಹಳ ಜನರು ಹೀಗೆಯೇ ಇದ್ದೇವೆ. ಹೆದರಬೇಕಾದದ್ದಕ್ಕೆ ಹೆದರದೆ, ಹೆದರಬಾರದ್ದಕ್ಕೆ ಹೆದರಿ, ಚಿಕಿತ್ಸೆಯ ಸಮಯವನ್ನು ಕಳೆದುಕೊಳ್ಳುತ್ತೇವೆ. ಆದ್ದರಿಂದ ಈ ದಿನ ವಿಕಿರಣ, ಧೂಳು, ನೀರು ಈ ಮೂರನ್ನೂ ಒಂದೊಂದಾಗಿ ನೋಡೋಣ.

ವಿಕಿರಣ ಎಲ್ಲಿಂದ ಬರುತ್ತದೆ?

ವಿಕಿರಣ ಎಂದ ಕೂಡಲೇ ಅಣುಬಾಂಬು, ಅಣುಸ್ಥಾವರ, ಆಸ್ಪತ್ರೆಯ ಎಕ್ಸ್‌ರೇ ಕೊಠಡಿ ನೆನಪಾಗುತ್ತವೆ. ಆದರೆ ಪ್ರಕೃತಿಯಲ್ಲೇ ವಿಕಿರಣ ಇದೆ. ಆಕಾಶದಿಂದ ಕಾಸ್ಮಿಕ್ ಕಿರಣಗಳು ಬರುತ್ತಲೇ ಇರುತ್ತವೆ. ನೆಲದ ಕಲ್ಲು ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಎಂಬ ಧಾತುಗಳಿವೆ, ಅವುಗಳಿಂದಲೂ ಅತಿ ಸಣ್ಣ ಪ್ರಮಾಣದಲ್ಲಿ ಕಿರಣಗಳು ಹೊರಬರುತ್ತವೆ. ನಾವು ತಿನ್ನುವ ಅನ್ನದಲ್ಲಿ, ಬಾಳೆಹಣ್ಣಿನಲ್ಲಿ, ನಮ್ಮ ಮೈಯಲ್ಲಿಯೂ ಒಂದಿಷ್ಟು ಇದೆ. ಭೂಮಿ ಹುಟ್ಟಿದಾಗಿನಿಂದ ಇರುವ ಈ ವಿಕಿರಣದ ನಡುವೆಯೇ ನಮ್ಮ ತಾತ ಮುತ್ತಾತಂದಿರು ಬಾಳಿ ಬದುಕಿದ್ದಾರೆ.

ಹಾಲನ್ನು ಲೀಟರಿನಲ್ಲಿ, ಬಟ್ಟೆಯನ್ನು ಮೀಟರಿನಲ್ಲಿ ಅಳೆಯುವಂತೆ ದೇಹಕ್ಕೆ ತಗಲುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಪ್ರಪಂಚದಲ್ಲಿ ಒಬ್ಬ ಮನುಷ್ಯನಿಗೆ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ ಸುಮಾರು 2.4 ಮಿಲಿಸೀವರ್ಟ್ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇಯಿಂದ ತಗಲುವುದು ಯಂತ್ರವನ್ನು ಅನುಸರಿಸಿ ಸುಮಾರು 0.02ರಿಂದ 0.1 ಮಿಲಿಸೀವರ್ಟ್. ಅಂದರೆ ನಾವು ಮನೆಯಲ್ಲಿ ಸುಮ್ಮನೆ ಕುಳಿತರೂ ಮೂರರಿಂದ ಹದಿನೈದು ದಿನಗಳಲ್ಲಿ ಪ್ರಕೃತಿಯಿಂದ ತಗಲುವಷ್ಟೇ. ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ಇದು ಹೆಚ್ಚು, ಸುಮಾರು 6 ಮಿಲಿಸೀವರ್ಟ್ ಆಗಬಹುದು. ಆದ್ದರಿಂದಲೇ ಸಿಟಿ ಸ್ಕ್ಯಾನ್ ಅನ್ನು ಅಗತ್ಯವಿದ್ದರೆ ಮಾತ್ರ ಮಾಡಿಸುತ್ತಾರೆ. "ಸುಮ್ಮನೆ ಒಂದು ಸ್ಕ್ಯಾನ್ ಬರೆದುಕೊಡಿ" ಎಂದು ತಾವಾಗಿ ಒತ್ತಾಯ ಮಾಡಬೇಡಿ. ಡಾಕ್ಟರು ಬೇಕು ಎಂದಾಗ ಬೇಡ ಎನ್ನಲೂ ಬೇಡಿ.

ನಮ್ಮ ಬೆಂಗಳೂರು ನಿಂತಿರುವುದೇ ಬಂಡೆಯ ಮೇಲೆ. ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇತ್ತ ನಂದಿ ಬೆಟ್ಟ, ಅತ್ತ ಶಿವಗಂಗೆ, ರಾಮನಗರದ ಬೆಟ್ಟಗಳೆಲ್ಲಾ ಗ್ರಾನೈಟ್ ಜಾತಿಯ ಕಲ್ಲು. ಸುಣ್ಣಕಲ್ಲಿಗಿಂತ, ಮರಳುಗಲ್ಲಿಗಿಂತ ಗ್ರಾನೈಟಿನಲ್ಲಿ ಯುರೇನಿಯಂ ಸ್ವಲ್ಪ ಹೆಚ್ಚು ಇರುತ್ತದೆ. ಬಂಡೆಯ ಮೇಲೆ ಕುಳಿತರೆ, ಚಪ್ಪಡಿ ಕಲ್ಲಿನ ಮನೆಯಲ್ಲಿ ಮಲಗಿದರೆ ಕಾಯಿಲೆ ಬರುತ್ತದೆ ಎಂದು ಇದರಿಂದ ತಿಳಿಯಬಾರದು.

ಇದಕ್ಕೆ ಕೇರಳದ ಕರುನಾಗಪಳ್ಳಿ ಒಳ್ಳೆಯ ಉದಾಹರಣೆ. ಅಲ್ಲಿನ ಸಮುದ್ರ ತೀರದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದ್ದು, ಅದರಲ್ಲಿ ಥೋರಿಯಂ ಇದೆ. ಅಲ್ಲಿಯ ನೆಲದ ವಿಕಿರಣ ಬೇರೆ ಊರುಗಳಿಗಿಂತ ಹಲವು ಪಟ್ಟು ಹೆಚ್ಚು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅಲ್ಲಿನ ಜನರನ್ನು ಅನೇಕ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಲದ ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾಗಿರುವುದು ಕಂಡುಬರಲಿಲ್ಲ. ನಮ್ಮ ಮಂಗಳೂರಿನ ಹತ್ತಿರದ ಉಳ್ಳಾಲದ ತೀರದಲ್ಲಿಯೂ ಇಂತಹ ಮರಳು ಇದೆ. ನೆಲದಲ್ಲಿ ವಿಕಿರಣ ಇದೆ ಎಂಬ ಸುದ್ದಿ ಓದಿದ ಮಾತ್ರಕ್ಕೆ ಊರು ಬಿಡಬೇಕಾಗಿಲ್ಲ.

ಕಲ್ಲು ನೆಲದಲ್ಲಿ ತನ್ನ ಪಾಡಿಗೆ ಇರುವವರೆಗೆ ಅದು ನಮ್ಮ ಸ್ನೇಹಿತ. ಅದನ್ನು ಒಡೆದು ಪುಡಿ ಮಾಡಿ ಉಸಿರಾಡಿದಾಗ, ಅದರಲ್ಲಿ ಕರಗಿದ ನೀರನ್ನು ವರ್ಷಗಟ್ಟಲೆ ಕುಡಿದಾಗ ತೊಂದರೆ ಆರಂಭವಾಗುತ್ತದೆ.

ಮರಳುಗಾಡಿನ ಗಣಿಗಳು ಕಲಿಸಿದ ಪಾಠ

ಅಮೆರಿಕದ ನೈರುತ್ಯ ಭಾಗದ ಮರಳುಗಾಡಿನಲ್ಲಿ ನವಾಹೋ ಎಂಬ ಮೂಲನಿವಾಸಿ ಜನರಿದ್ದಾರೆ. ಅವರ ನೆಲದಲ್ಲಿ 1944ರಿಂದ 1986ರವರೆಗೆ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರನ್ನು ತೆಗೆದರು. ಗಣಿಯೊಳಗೆ ಗಾಳಿಯಾಡಲು ಸರಿಯಾದ ವ್ಯವಸ್ಥೆ ಇರಲಿಲ್ಲ. ಕಾರ್ಮಿಕರು ಅಲ್ಲೇ ಊಟ ಮಾಡುತ್ತಿದ್ದರು, ಬಂಡೆಯಿಂದ ತೊಟ್ಟಿಕ್ಕುವ ನೀರನ್ನೇ ಕುಡಿಯುತ್ತಿದ್ದರು, ಧೂಳು ಹಿಡಿದ ಬಟ್ಟೆಯಲ್ಲೇ ಮನೆಗೆ ಹೋಗುತ್ತಿದ್ದರು. ಗಣಿಯ ಕಲ್ಲನ್ನು ತಂದು ಕೆಲವರು ಮನೆ ಕಟ್ಟಿಕೊಂಡರು. ಗಣಿಗಾರರಲ್ಲಿ ಅನೇಕರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತು. 1990ರಲ್ಲಿ ಅಲ್ಲಿನ ಸರ್ಕಾರ ಪರಿಹಾರದ ಕಾನೂನು ಮಾಡಿತು. ಕೈಬಿಟ್ಟ ಗಣಿಗಳೇ ಅಲ್ಲಿ 500ಕ್ಕೂ ಹೆಚ್ಚು ಉಳಿದಿವೆ.

ಅವರಿಗೆ ಕ್ಯಾನ್ಸರ್ ತಂದದ್ದು ಮುಖ್ಯವಾಗಿ ರೇಡಾನ್ ಎಂಬ ಅನಿಲ. ಕಲ್ಲಿನೊಳಗಿನ ಯುರೇನಿಯಂ ನಿಧಾನವಾಗಿ ಕ್ಷಯಿಸುತ್ತಾ ಹೋದಾಗ ಅದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಯೊಡನೆ ಬೆರೆತು ಚದುರಿಹೋಗುತ್ತದೆ. ಗಣಿಯ ಸುರಂಗದಲ್ಲಿ, ಕಿಟಕಿ ಇಲ್ಲದ ನೆಲಮಾಳಿಗೆಯಲ್ಲಿ ಮಾತ್ರ ಕೂಡಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಮುಖ್ಯ ಕಾರಣಗಳಲ್ಲಿ ರೇಡಾನ್ ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಇದರ ಅಪಾಯ ಬಹಳ ಪಟ್ಟು ಹೆಚ್ಚು. ಇದಕ್ಕೆ ಪರಿಹಾರ ಮಾತ್ರ ಕಾಸಿಲ್ಲದ್ದು. ಬೆಳಿಗ್ಗೆ ಸಂಜೆ ಕಿಟಕಿ ಬಾಗಿಲು ತೆರೆದಿಡಿ, ಬೀಡಿ ಬಿಡಿ.

ನಮ್ಮದೇ ಕೋಲಾರ ಚಿನ್ನದ ಗಣಿ

ಅಷ್ಟು ದೂರ ಹೋಗುವುದು ಬೇಡ, ಕೆಜಿಎಫ್ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಬರುವವರು ಇದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆಗೆ ಕೈಹಾಕಿತು. ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಆ ಆಳಕ್ಕೆ ಆಕಾಶದ ಕಿರಣಗಳೂ ಇಳಿಯಲಾರವು. ಅದಕ್ಕಾಗಿಯೇ ವಿಜ್ಞಾನಿಗಳು ಅಲ್ಲಿ ಪ್ರಯೋಗಶಾಲೆ ಮಾಡಿ 1965ರಲ್ಲಿ ನ್ಯೂಟ್ರಿನೊ ಎಂಬ ಕಣದ ಸುಳಿವು ಹಿಡಿದರು. ಪ್ರಪಂಚವೇ ಅದನ್ನು ಹೊಗಳಿತು. ಆದರೆ ಅದೇ ಸುರಂಗದಲ್ಲಿ ಕಲ್ಲು ಕೊರೆದ ಕಾರ್ಮಿಕರ ಎದೆಯಲ್ಲಿ ಕಲ್ಲಿನ ಧೂಳು ಕುಳಿತಿತ್ತು. 1940ರ ದಶಕದಲ್ಲೇ ವೈದ್ಯರು ಕೆಜಿಎಫ್ ಕಾರ್ಮಿಕರಲ್ಲಿ ಸಿಲಿಕೋಸಿಸ್ ಎಂಬ ಕಾಯಿಲೆಯನ್ನು ದಾಖಲಿಸಿದ್ದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ತೆಗೆದು ಉಳಿದ ಪುಡಿಮಣ್ಣು ಮಾತ್ರ ಊರಿನ ನಡುವೆ ಗುಡ್ಡಗಳಾಗಿ ನಿಂತಿದೆ. ಜನ ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಮೂರು ಕೋಟಿ ಟನ್ನಿಗೂ ಹೆಚ್ಚು ಮಣ್ಣು ಅಲ್ಲಿದೆ. ಗಾಳಿ ಬೀಸಿದಾಗ ಅದರ ನುಣುಪಾದ ಪುಡಿ ಮನೆಗಳಿಗೆ, ಅಡುಗೆ ಪಾತ್ರೆಗಳಿಗೆ, ಮಕ್ಕಳ ಮೂಗಿಗೆ ಬರುತ್ತದೆ. ಅಂತಹ ಕಡೆ ಇರುವವರು ಗಾಳಿಯ ದಿನಗಳಲ್ಲಿ ನೀರು, ಆಹಾರವನ್ನು ಮುಚ್ಚಿಡಬೇಕು, ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಮಕ್ಕಳನ್ನು ಆ ಗುಡ್ಡದ ಮೇಲೆ ಆಡಲು ಬಿಡಬಾರದು.

ಸಿಲಿಕೋಸಿಸ್ ಎಂದರೇನು?

ಗ್ರಾನೈಟ್, ಮರಳುಗಲ್ಲು, ಜಲ್ಲಿ, ಎಂ-ಸ್ಯಾಂಡ್ ಇವುಗಳಲ್ಲೆಲ್ಲಾ ಸಿಲಿಕಾ ಎಂಬ ಪದಾರ್ಥವಿದೆ. ಕಲ್ಲನ್ನು ಒಡೆದಾಗ, ಕೊರೆದಾಗ, ಕತ್ತರಿಸಿದಾಗ ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಅದನ್ನು ಕೆಮ್ಮಿ ಉಗುಳುತ್ತೇವೆ. ಕಣ್ಣಿಗೆ ಕಾಣದ, ಕೂದಲೆಳೆಯ ದಪ್ಪದಲ್ಲಿ ಹತ್ತರಲ್ಲೊಂದು ಭಾಗಕ್ಕಿಂತಲೂ ಸಣ್ಣದಾದ ಕಣಗಳು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಹೋಗಿ ಅಲ್ಲೇ ಕುಳಿತುಬಿಡುತ್ತವೆ. ಕಾಲಿಗೆ ಮುಳ್ಳು ಮುರಿದುಕೊಂಡಾಗ ಸುತ್ತಲೂ ಮಾಂಸ ಗಟ್ಟಿಯಾಗುವುದಿಲ್ಲವೇ? ಹಾಗೆಯೇ ಪ್ರತಿ ಕಣದ ಸುತ್ತ ಶ್ವಾಸಕೋಶ ಗಂಟುಗಟ್ಟುತ್ತದೆ. ಗಂಟುಗಳು ಹೆಚ್ಚಾದಂತೆ ಉಸಿರು ಹಿಡಿಸುವ ಜಾಗ ಕಡಿಮೆಯಾಗುತ್ತದೆ.

ಈ ಕಾಯಿಲೆ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಧೂಳು ಕುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಮುಚ್ಚಿದ ಜಾಗದಲ್ಲಿ ವಿಪರೀತ ಧೂಳಿದ್ದರೆ ಕೆಲವೇ ವರ್ಷಗಳಲ್ಲಿ ಬರಬಹುದು. ಒಮ್ಮೆ ಬಂದ ಮೇಲೆ ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಕೆಲಸ ಬಿಟ್ಟ ಮೇಲೂ ಮುಂದುವರಿಯಬಹುದು. ಸಿಲಿಕಾ ಧೂಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ತೀರ್ಮಾನಿಸಿದೆ.

ಇನ್ನೊಂದು ಮಾತನ್ನು ತಾವೆಲ್ಲರೂ ನೆನಪಿಡಬೇಕು. ಸಿಲಿಕೋಸಿಸ್ ಇರುವವರಿಗೆ ಕ್ಷಯ ಅಂದರೆ ಟಿಬಿ ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಎರಡರಲ್ಲೂ ಕೆಮ್ಮು, ಸುಸ್ತು, ತೂಕ ಇಳಿಯುವುದು ಇರುತ್ತದೆ. ಎಕ್ಸ್‌ರೇಯಲ್ಲಿ ನೋಡಲೂ ಕೆಲವೊಮ್ಮೆ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಎಕ್ಸ್‌ರೇ ಜೊತೆಗೆ ಕಫ ಪರೀಕ್ಷೆ ಮತ್ತು "ಏನು ಕೆಲಸ, ಎಷ್ಟು ವರ್ಷ?" ಎಂಬ ಪ್ರಶ್ನೆಗೆ ಸರಿಯಾದ ಉತ್ತರ, ಈ ಮೂರೂ ಬೇಕು. ಡಾಕ್ಟರು ಕೇಳದಿದ್ದರೂ ತಾವೇ ಹೇಳಿ: "ಸಾರ್, ನಾನು ಇಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೇನೆ." ಈ ಒಂದು ವಾಕ್ಯ ಚಿಕಿತ್ಸೆಯ ದಾರಿಯನ್ನೇ ಬದಲಿಸಬಹುದು.

ಯಲಹಂಕದಾಚೆ ಬೆಟ್ಟಹಲಸೂರು ಕಡೆ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಗಳಲ್ಲಿ ಕಲ್ಲಿನ ಕೆಲಸ ಮಾಡಿದವರು ಬಹಳ ಜನ. ಈಗ ಕ್ವಾರಿಯಷ್ಟೇ ಅಲ್ಲ, ಕ್ರಷರ್, ಟೈಲ್ಸ್ ಮತ್ತು ಗ್ರಾನೈಟ್ ಕಟಿಂಗ್, ಗೋಡೆ ಕೊರೆಯುವುದು, ಹಳೆ ಕಟ್ಟಡ ಒಡೆಯುವುದು ಇವೆಲ್ಲವೂ ಇದೇ ಧೂಳಿನ ಕೆಲಸಗಳು. ಇದರಲ್ಲಿ ಹೊಟ್ಟೆ ಹೊರೆಯುವವರಿಗೆ ಕೆಲಸ ಬಿಡಿ ಎಂದು ಹೇಳುವುದು ಸುಲಭ, ಬಿಡುವುದು ಸುಲಭವಲ್ಲ. ಕಾಯಕವನ್ನು ಗೌರವಿಸುವ ಪರಂಪರೆ ನಮ್ಮದು. ಆ ಕಾಯಕ ಮಾಡುವ ಕಾಯವನ್ನು ಕಾಪಾಡಿಕೊಳ್ಳುವುದೂ ಕಾಯಕದ ಒಂದು ಭಾಗ ಎಂದು ನಾನು ತಿಳಿದಿದ್ದೇನೆ. ಹೀಗೆ ಮಾಡಿ:

1. ಕಲ್ಲನ್ನು ಒಣಗಿದ್ದಾಗ ಕತ್ತರಿಸಬೇಡಿ. ಬ್ಲೇಡಿನ ಮೇಲೆ ನೀರು ಬೀಳುವಂತೆ ಮಾಡಿಕೊಳ್ಳಿ. ನೀರು ಬಿದ್ದರೆ ಧೂಳು ಮೇಲೇಳುವುದು ಬಹುಪಾಲು ನಿಲ್ಲುತ್ತದೆ. ಉಳಿದೆಲ್ಲಾ ಉಪಾಯಗಳಿಗಿಂತ ಇದು ದೊಡ್ಡದು.

2. ಟವೆಲ್ಲು, ಕರ್ಚೀಫು ಕಟ್ಟಿಕೊಂಡರೆ ಸಾಲದು. ಸಣ್ಣ ಕಣ ಬಟ್ಟೆಯೊಳಗಿಂದ ನುಸುಳುತ್ತದೆ. ಎನ್-95 ಮಾಸ್ಕ್ ಅಥವಾ ಅದಕ್ಕಿಂತ ಉತ್ತಮವಾದದ್ದನ್ನು ಮೂಗು, ಕೆನ್ನೆಗೆ ಅಂಟುವಂತೆ ಹಾಕಿಕೊಳ್ಳಿ. ಕೊಳೆಯಾದದ್ದನ್ನು ಬದಲಿಸಿ. ಮಾಲೀಕರಿಂದ ಕೇಳಿ ಪಡೆಯುವುದು ತಮ್ಮ ಹಕ್ಕು.

3. ಕೆಲಸದ ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆದು ಮನೆಗೆ ಹೋಗಿ. ತಾಯಂದಿರೇ, ಆ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ. ಹೊರಗೆ ನೀರಿನಲ್ಲಿ ನೆನೆಸಿ ಒಗೆಯಿರಿ. ಮಗು ಮಲಗುವ ಕಡೆ ಅದನ್ನು ನೇತುಹಾಕಬೇಡಿ.

4. ಬೀಡಿ, ಸಿಗರೇಟು ಬಿಡಿ. ಧೂಳು ಮತ್ತು ಹೊಗೆ ಎರಡೂ ಸೇರಿದರೆ ಶ್ವಾಸಕೋಶಕ್ಕೆ ಎರಡು ಕಡೆಯಿಂದ ಪೆಟ್ಟು.

5. ಕೆಮ್ಮು ಇಲ್ಲದಿದ್ದರೂ ಆಗಾಗ ಎದೆಯ ತಪಾಸಣೆ ಮಾಡಿಸಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಟಿಬಿ ಪರೀಕ್ಷೆ, ಔಷಧ ಉಚಿತ.

ಸಿಲಿಕೋಸಿಸ್ ಕೆಲಸದಿಂದ ಬರುವ ಕಾಯಿಲೆ ಎಂದು ಕಾನೂನು ಒಪ್ಪಿಕೊಂಡಿದೆ. ಆದ್ದರಿಂದ ಇಎಸ್‌ಐ ಕಾರ್ಡು, ಹಾಜರಿ ಚೀಟಿ, ಸಂಬಳದ ರಸೀತಿ, ಹಳೆಯ ಎಕ್ಸ್‌ರೇ ಇವನ್ನೆಲ್ಲಾ ಜೋಪಾನವಾಗಿ ಇಡಿ. ಕಟ್ಟಡ ಕೆಲಸದವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ. ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವೃತ್ತಿ ಆರೋಗ್ಯ ಕೇಂದ್ರವಿದೆ. ಕೆಲಸದಿಂದ ಬರುವ ಕಾಯಿಲೆಗಳ ಸಂಶೋಧನೆಯೇ ಅವರ ಕೆಲಸ.

ಕೊಳವೆಬಾವಿಯ ನೀರು

ಈಗ ಮೂರನೆಯದು, ನೀರು. ನಮ್ಮ ಹಿರಿಯರು ತೆರೆದ ಬಾವಿಯ ನೀರು ಕುಡಿದರು. ಮೂವತ್ತು ನಲವತ್ತು ಅಡಿಗೆ ನೀರು ಸಿಗುತ್ತಿತ್ತು. ಈಗ ಸಾವಿರ ಅಡಿ ದಾಟಿ ಬಂಡೆಯನ್ನು ಕೊರೆಯುತ್ತಿದ್ದೇವೆ. ಆ ಆಳದಲ್ಲಿ ಬಂಡೆಯ ಬಿರುಕುಗಳಲ್ಲಿ ಬಹಳ ಕಾಲದಿಂದ ನಿಂತ ನೀರಿನಲ್ಲಿ ಕಲ್ಲಿನ ಅಂಶಗಳು ಕರಗಿರುತ್ತವೆ. ಫ್ಲೋರೈಡ್ ವಿಷಯ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆಯವರಿಗೆ ಹೇಳಬೇಕಾಗಿಲ್ಲ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಾಗಿದ ಮೂಳೆ ಅದನ್ನು ಹೇಳುತ್ತವೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಫ್ಲೋರೈಡಿನ ಮಿತಿ.

ಯುರೇನಿಯಂ ವಿಷಯ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಹಳ್ಳಿಗಳಲ್ಲಿ ಯುರೇನಿಯಂ ಸುರಕ್ಷಿತ ಮಿತಿಯನ್ನು ದಾಟಿತ್ತು. ಅಲ್ಲಿ ಯುರೇನಿಯಂ ಗಣಿ ಇರಲಿಲ್ಲ, ಗ್ರಾನೈಟ್ ಬಂಡೆಯಿಂದ ಕರಗಿ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 30 ಮೈಕ್ರೋಗ್ರಾಂ ಎಂದು ಮಿತಿ ಹೇಳಿದೆ. ನಮ್ಮ ದೇಶದ ಮಾನಕವೂ ಈಗ ಅದೇ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ.

ಇಲ್ಲಿಯೂ ತಪ್ಪು ಭಯ ಬೇಡ. ನೀರಿನಲ್ಲಿರುವ ಯುರೇನಿಯಂ ತೊಂದರೆ ಕೊಡುವುದು ಕಿರಣಗಳಿಗಿಂತ ಹೆಚ್ಚಾಗಿ ಸೀಸದಂತಹ ಭಾರಲೋಹವಾಗಿ. ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ, ಅಂದರೆ ಕಿಡ್ನಿಗೆ. ಒಂದೆರಡು ದಿನ ಕುಡಿದರೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಕುಡಿಯುವವರು, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದು ಕಿಡ್ನಿ ಮೊದಲೇ ದುರ್ಬಲವಾಗಿರುವವರು, ಎಳೆಯ ಮಕ್ಕಳು ಎಚ್ಚರಿಕೆ ವಹಿಸಬೇಕು.

ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಹೆಬ್ಬಾಳ, ಯಲಹಂಕದ ಶೆಡ್ಡುಗಳಲ್ಲಿರುವ ಬಂಧುಗಳು ನಮ್ಮ ಆಸ್ಪತ್ರೆಗೆ ಬರುತ್ತಾರೆ. ತಮ್ಮ ಊರಿನ ಮಾತೂ ಇದೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ನೆಲದೊಳಗೆ ಯುರೇನಿಯಂ ಅದಿರು ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿತು. ಹಿಂದೆ ಚಿನ್ನದ ಗಣಿ ಇದ್ದ ಮಂಗಳೂರು ಎಂಬ ಹಳ್ಳಿಯ ಆಸುಪಾಸಿನ ಸೀಮೆ ಅದು. ಅಲ್ಲಿನ ಜನರ ಅಂಗೈ, ಅಂಗಾಲು ಒರಟಾಗಿ ಗಂಟುಗಟ್ಟಿ, ಮೈಮೇಲೆ ಕಪ್ಪು ಚುಕ್ಕೆಗಳು ಮೂಡಿದ್ದವು. ಇದನ್ನು ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ವರದಿ ಪ್ರಕಟಿಸಿದರು. ಚರ್ಮದ ಕಾಯಿಲೆ ಎಂದು ಮುಲಾಮು ಹಚ್ಚಿದರೆ ಅದು ಹೋಗುವುದಿಲ್ಲ, ನೀರು ಬದಲಿಸಬೇಕು. ಒಂದೇ ಕೇರಿಯ ನಾಲ್ಕಾರು ಜನರಿಗೆ ಒಂದೇ ರೀತಿಯ ತೊಂದರೆ ಇದ್ದರೆ ಅದನ್ನು ಡಾಕ್ಟರಿಗೆ ಹೇಳಿ.

ಕುದಿಸಿದರೆ ಸಾಲದೇ? ಎಂದು ಕೇಳುವಿರಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಕಲ್ಲಿನ ಅಂಶ ಹೋಗುವುದಿಲ್ಲ. ಉಪ್ಪುನೀರನ್ನು ಒಲೆಯ ಮೇಲಿಟ್ಟು ನೋಡಿ, ನೀರು ಆವಿಯಾಗಿ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಯುರೇನಿಯಂ, ಫ್ಲೋರೈಡ್, ಆರ್ಸೆನಿಕ್ ಕೂಡ ಹಾಗೆಯೇ. ಬಟ್ಟೆಯಲ್ಲಿ ಸೋಸಿದರೂ, ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಲ್ಲಿ ಹಾಕಿದರೂ ಹೋಗುವುದಿಲ್ಲ. ಆರ್‌ಓ ಯಂತ್ರ ಅದನ್ನು ಬಹುಪಾಲು ತೆಗೆಯುತ್ತದೆ. ಯಂತ್ರದ ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು, ಇಲ್ಲವಾದರೆ ಯಂತ್ರ ಇದ್ದೂ ಇಲ್ಲದಂತೆ. ಯಂತ್ರದಿಂದ ಹೊರಹೋಗುವ ನೀರಿನಲ್ಲಿ ಈ ಅಂಶಗಳು ಹೆಚ್ಚಾಗಿರುತ್ತವೆ. ಅದನ್ನು ಶೌಚಾಲಯಕ್ಕೆ ಬಳಸಿ, ಅಡುಗೆಗೆ ಬೇಡ.

ಎಲ್ಲಕ್ಕಿಂತ ಒಳ್ಳೆಯದು ನೀರಿನ ಮೂಲವನ್ನೇ ಬದಲಿಸುವುದು. ಕಾವೇರಿ ಐದನೇ ಹಂತದ ನೀರು ನಗರದ ಹೊರವಲಯದ 110 ಹಳ್ಳಿಗಳಿಗಾಗಿ 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಮನೆಗೆ ಕಾವೇರಿ ಬಂದಿದ್ದರೆ ಕುಡಿಯಲು, ಅಡುಗೆಗೆ ಅದನ್ನೇ ಬಳಸಿ, ಬೋರ್‌ವೆಲ್ ನೀರನ್ನು ಸ್ನಾನ, ಬಟ್ಟೆಗೆ ಇಟ್ಟುಕೊಳ್ಳಿ. ಸ್ನಾನದಿಂದ ಯುರೇನಿಯಂ ಮೈಯೊಳಗೆ ಹೋಗುವ ಭಯವಿಲ್ಲ. ಮಳೆ ನೀರನ್ನು ಶುದ್ಧವಾಗಿ ಹಿಡಿದಿಟ್ಟರೆ ಅದರಲ್ಲಿ ಈ ಕಲ್ಲಿನ ಅಂಶಗಳು ಇರುವುದಿಲ್ಲ.

ಬೋರ್‌ವೆಲ್ ನೀರನ್ನೇ ಕುಡಿಯಬೇಕಾದವರು ಒಮ್ಮೆ ಪರೀಕ್ಷೆ ಮಾಡಿಸಿ. ಪಂಚಾಯಿತಿಯಲ್ಲಿ ಸಿಗುವ ಪರೀಕ್ಷಾ ಕಿಟ್ಟಿನಿಂದ ಫ್ಲೋರೈಡ್, ನೈಟ್ರೇಟ್ ತಿಳಿಯಬಹುದು, ಯುರೇನಿಯಂ ತಿಳಿಯುವುದಿಲ್ಲ. ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ "ಯುರೇನಿಯಂ ಕೂಡ ನೋಡಿ" ಎಂದು ಬಾಯಿಬಿಟ್ಟು ಕೇಳಬೇಕು. ಖರ್ಚು ಒಬ್ಬರಿಗೆ ಭಾರವಾದರೆ ಒಂದೇ ಬೋರ್‌ವೆಲ್ ಬಳಸುವ ಹತ್ತು ಮನೆಯವರು ಸೇರಿ ಮಾಡಿಸಿ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

ಅಡುಗೆಮನೆಯ ಗ್ರಾನೈಟ್ ಕಟ್ಟೆಯಿಂದ ವಿಕಿರಣ ಬರುತ್ತದೆಯೇ?
ಬಹಳ ಸ್ವಲ್ಪ. ಅದಕ್ಕೆ ಹೆದರಿ ಕಟ್ಟೆ ಕೀಳಿಸಬೇಡಿ. ಅದನ್ನು ಕೂರಿಸುವ ದಿನ ಎಚ್ಚರಿಕೆ ಬೇಕು. ಮನೆಯೊಳಗೆ ಒಣ ಕಟ್ಟರ್ ಹಾಕಲು ಬಿಡಬೇಡಿ. ಹೊರಗೆ, ನೀರು ಹಾಕಿ ಕತ್ತರಿಸಲು ಹೇಳಿ. ತಮ್ಮ ಮಕ್ಕಳಿಗೂ ಒಳ್ಳೆಯದು, ಆ ಕೆಲಸ ಮಾಡುವ ತಮ್ಮನಿಗೂ ಒಳ್ಳೆಯದು.

ನಾವು ಟ್ಯಾಂಕರ್ ನೀರು ತರಿಸುತ್ತೇವೆ, ಅದು ಪರವಾಗಿಲ್ಲವೇ?
ಟ್ಯಾಂಕರ್ ನೀರು ಬಹುತೇಕ ಯಾವುದೋ ಬೋರ್‌ವೆಲ್ಲಿನದೇ. ಎಲ್ಲಿಂದ ತಂದದ್ದು ಎಂದು ಕೇಳಿ. ಕುಡಿಯಲು ಆರ್‌ಓ ನೀರು ಅಥವಾ ಕಾವೇರಿ ನೀರು ಬಳಸಿ.

ನನ್ನ ಸೊಸೆ ಗರ್ಭಿಣಿ, ಅವಳಿಗೆ ಎಕ್ಸ್‌ರೇ ಮಾಡಿಸಬಹುದೇ?
ಗರ್ಭಿಣಿ ಎಂದು, ಅಥವಾ ಮುಟ್ಟು ನಿಂತಿದೆ ಎಂದು ಮೊದಲೇ ಡಾಕ್ಟರಿಗೆ, ಎಕ್ಸ್‌ರೇ ಕೊಠಡಿಯವರಿಗೆ ಹೇಳಬೇಕು. ಮುಂದಕ್ಕೆ ಹಾಕಬಹುದಾದದ್ದನ್ನು ಹಾಕುತ್ತಾರೆ. ತೀರಾ ಅಗತ್ಯವಿದ್ದರೆ ಎಚ್ಚರಿಕೆಯಿಂದ ಮಾಡುತ್ತಾರೆ. ನಾಚಿಕೆಪಟ್ಟು ಮುಚ್ಚಿಡಬಾರದು.

ಎಕ್ಸ್‌ರೇ ತೆಗೆಸಿಕೊಂಡವರ ಪಕ್ಕದಲ್ಲಿ ಮಗುವನ್ನು ಮಲಗಿಸಬಹುದೇ?
ಧಾರಾಳವಾಗಿ ಮಲಗಿಸಿ. ಯಂತ್ರ ನಿಂತ ಕ್ಷಣವೇ ಕಿರಣ ನಿಲ್ಲುತ್ತದೆ. ಮೈಯಲ್ಲಿ, ಬಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಆ ಅಣ್ಣನಿಗೆ ಏನಾಯಿತು?

ಈ ಪ್ರಶ್ನೆಯನ್ನು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ಕೇಳಿದರು. ಹೇಳುತ್ತೇನೆ. ಆ ದಿನ ಅವರ ಜೊತೆ ಬೆಂಚಿನ ಮೇಲೆ ಕುಳಿತು ಈಗ ತಮಗೆ ಹೇಳಿದ್ದನ್ನೆಲ್ಲಾ ಹೇಳಿದೆ. ಎಕ್ಸ್‌ರೇಗೆ ಒಪ್ಪಿದರು. ಎರಡೂ ಶ್ವಾಸಕೋಶಗಳಲ್ಲಿ ಗಂಟುಗಳಿದ್ದವು. ಕಫ ಪರೀಕ್ಷೆಯಲ್ಲಿ ಟಿಬಿ ಇರಲಿಲ್ಲ, ಅಷ್ಟು ಪುಣ್ಯ. ಸಿಲಿಕೋಸಿಸ್ ಎಂದು ಡಾಕ್ಟರು ತಿಳಿಸಿದರು. "ಐದು ವರ್ಷ ಮೊದಲೇ ಬಂದಿದ್ದರೆ ವಾಸಿ ಆಗುತ್ತಿತ್ತಾ ಸಿಸ್ಟರ್?" ಎಂದು ಕೇಳಿದರು. ವಾಸಿ ಆಗುತ್ತಿರಲಿಲ್ಲ, ಆದರೆ ಆಗಲೇ ಧೂಳು ನಿಲ್ಲಿಸಿದ್ದರೆ ಇಷ್ಟು ಹೆಚ್ಚದೆ ಇರುತ್ತಿತ್ತೇನೋ ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, "ನನ್ನ ಮಗನೂ ಅದೇ ಕೆಲಸಕ್ಕೆ ಹೋಗ್ತಾನೆ" ಎಂದರು.

ಮುಂದಿನ ವಾರ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಇಪ್ಪತ್ತೊಂದು ವರ್ಷ, ಕೆಲಸಕ್ಕೆ ಸೇರಿ ಎರಡು ವರ್ಷ. ಅವನ ಎಕ್ಸ್‌ರೇ ಸ್ವಚ್ಛವಾಗಿತ್ತು. ಈಗ ಅವನು ನೀರು ಹಾಕಿಯೇ ಕಲ್ಲು ಕತ್ತರಿಸುತ್ತಾನೆ, ಮಾಸ್ಕ್ ಹಾಕುತ್ತಾನೆ. ಮೊದಮೊದಲು ಜೊತೆಯವರು ನಕ್ಕರಂತೆ. ಈಗ ಅವರಲ್ಲೂ ಇಬ್ಬರು ನೀರಿನ ಪೈಪು ಕಟ್ಟಿಕೊಂಡಿದ್ದಾರಂತೆ. ತಂದೆ ಕಲ್ಲಿನ ಕೆಲಸ ಬಿಟ್ಟು ಸಣ್ಣದೊಂದು ಅಂಗಡಿ ಇಟ್ಟಿದ್ದಾರೆ. ಉಸಿರು ಮೊದಲಿನಂತಾಗಿಲ್ಲ. ತಪಾಸಣೆಗೆ ತಪ್ಪದೆ ಬರುತ್ತಾರೆ.

ಬಂಧುಗಳೇ, ಎಕ್ಸ್‌ರೇ ಬರೆದುಕೊಟ್ಟರೆ ಧೈರ್ಯವಾಗಿ ಮಾಡಿಸಿ. ಧೂಳಿನ ಕೆಲಸ ಮಾಡಿದವರು ಅದನ್ನು ಡಾಕ್ಟರಿಗೆ ತಾವಾಗಿಯೇ ಹೇಳಿ. ಕುಡಿಯುವ ನೀರು ಎಲ್ಲಿಂದ ಬರುತ್ತಿದೆ ಎಂದು ಈ ದಿನ ಮನೆಗೆ ಹೋದ ಕೂಡಲೇ ಒಮ್ಮೆ ವಿಚಾರಿಸಿ. ಈ ಮೂರರಲ್ಲಿ ಒಂದನ್ನಾದರೂ ತಮ್ಮ ನೆರೆಮನೆಯವರಿಗೆ ತಿಳಿಸಿದರೆ ಅದೂ ಒಂದು ದಾಸೋಹವೇ.

ಯಾರಿಗಾದರೂ ಇನ್ನೂ ಸಂದೇಹವಿದ್ದರೆ ಔಷಧ ಕೊಡುವ ಕಿಟಕಿಯ ಪಕ್ಕದ ಆರೋಗ್ಯ ಶಿಕ್ಷಣದ ಮೇಜಿನ ಹತ್ತಿರ ಬನ್ನಿ. ಸಂಕೋಚ ಬೇಡ. ತಮ್ಮೆಲ್ಲರಿಗೂ ಬೇಗ ಗುಣವಾಗಲಿ ಎಂದು ಹಾರೈಸುತ್ತೇನೆ.